ಹಿಡಿದ ಬ್ರೇಕು ಬಿಡದಿದ್ದರೆ

ಕಾರಿನ ಬ್ರೇಕಿನ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಚೆನ್ನಾಗಿ ಹಿಡಿಯುತ್ತಾ?" ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಖಾಲಿ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಓಡಿಸಿ, ಒಮ್ಮೆ ಗಟ್ಟಿಯಾಗಿ ಪೆಡಲ್ ತುಳಿದು, ಕಾರು ನೆಟ್ಟಗೆ ನಿಂತರೆ ಸಮಾಧಾನದಿಂದ ತಲೆಯಾಡಿಸುತ್ತಾರೆ. "ಚೆನ್ನಾಗಿ ಬಿಡುತ್ತಾ?" ಎಂದು ಕೇಳುವವರು ಅಪರೂಪ. ಬ್ರೇಕಿನ ಕೆಲಸದಲ್ಲಿ ಹಿಡಿಯುವುದು ಅರ್ಧ, ಬಿಡುವುದು ಇನ್ನರ್ಧ. ಆ ಎರಡನೆಯ ಅರ್ಧದ ಬಗ್ಗೆ ನಾಲ್ಕು ಮಾತಾಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಸಿಗ್ನಲ್ ಹಸಿರಾಯಿತು, ಕ್ಲಚ್ ಬಿಟ್ಟಿರಿ, ಕಾರು ಯಾರೋ ಹಿಂದಿನಿಂದ ಎಳೆದು ಹಿಡಿದಂತೆ ಒಂದು ಕ್ಷಣ ತಡೆದು, ಆಮೇಲೆ 'ಟಕ್' ಎಂದು ಕಳಚಿಕೊಂಡು ಮುಂದೆ ಹೋಯಿತು. ಇದು ಸಣ್ಣ ವಿಷಯ ಎಂದು ಬಿಟ್ಟುಬಿಡುವವರೇ ಹೆಚ್ಚು. ಬಿಡಬಾರದು.

ಮಲೆನಾಡಿನವರಿಗೆ, ಕರಾವಳಿಯವರಿಗೆ ಈ 'ಟಕ್' ಮಳೆಗಾಲದ ಪರಿಚಿತ ಸದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಅಂಥ ಸೀಮೆಯಲ್ಲಿ ರಾತ್ರಿಯಿಡೀ ನೆನೆದು ನಿಂತ ಕಾರಿನ ಬ್ರೇಕ್ ಡ್ರಮ್ಮಿನೊಳಗೆ ತೇವ ಹೊಗದೆ ಇರುತ್ತದೆಯೇ? ಡ್ರಮ್ಮು ಬೀಡು ಕಬ್ಬಿಣದ್ದು. ಒದ್ದೆಯಾದರೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕೆಂಪು ತುಕ್ಕಿನ ಪದರ ಏಳುತ್ತದೆ. ಮನೆಯವರು ಇಳಿಜಾರಿನ ಅಂಗಳದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕನ್ನು ಕೊನೆಯ ಹಲ್ಲಿನವರೆಗೆ ಎಳೆದಿದ್ದಾರೆ. ಅಂದರೆ ಹಿಂದಿನ ಎರಡು ಚಕ್ರಗಳ ಬ್ರೇಕ್ ಶೂಗಳು ಆ ಒದ್ದೆ ಕಬ್ಬಿಣಕ್ಕೆ ರಾತ್ರಿಯೆಲ್ಲ ಒತ್ತಿಕೊಂಡು ಕೂತಿವೆ. ಬೆಳಿಗ್ಗೆ ಶೂಗಳ ಲೈನರಿಗೂ ಡ್ರಮ್ಮಿಗೂ ನಡುವೆ ತುಕ್ಕೇ ಗೋಂದಾಗಿದೆ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಶೂ ಬಿಡುವುದಿಲ್ಲ. ಕಾರು ಮುಂದಕ್ಕೆ ಎಳೆದಾಗ ಆ ಅಂಟು ಹರಿದು ಸದ್ದಾಗುತ್ತದೆ. ಒಮ್ಮೆ ಬಿಟ್ಟ ಮೇಲೆ ದಿನವಿಡೀ ತೊಂದರೆ ಇಲ್ಲ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಇದಕ್ಕೊಂದು ಉಪಾಯವಿದೆ. ಮುಂದಕ್ಕೆ ಬಲವಂತವಾಗಿ ಎಳೆಯುವ ಬದಲು ರಿವರ್ಸ್ ಹಾಕಿ ಒಂದಡಿ ಹಿಂದಕ್ಕೆ ಬನ್ನಿ. ಡ್ರಮ್ ಬ್ರೇಕಿನ ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡ್ರಮ್ಮೇ ತನ್ನ ಕಡೆಗೆ ಇನ್ನಷ್ಟು ಸೆಳೆದುಕೊಳ್ಳುತ್ತದೆ. ಕಡಿಮೆ ಒತ್ತಡದಲ್ಲಿ ಹೆಚ್ಚು ಹಿಡಿತ ಸಿಗುವುದು ಇದರಿಂದಲೇ. ಆದರೆ ಅಂಟಿಕೊಂಡ ಶೂವಿಗೆ ಇದು ಉಲ್ಟಾ ಹೊಡೆಯುತ್ತದೆ, ಮುಂದಕ್ಕೆ ಎಳೆದಷ್ಟೂ ಅದು ಬಿಗಿಯಾಗುತ್ತದೆ. ಹಿಂದಕ್ಕೆ ಉರುಳಿಸಿದಾಗ ಆ ಸೆಳೆತ ತಪ್ಪಿ ಶೂ ಸುಲಭವಾಗಿ ಕಳಚುತ್ತದೆ. ಹಾಗೂ ಬಿಡದಿದ್ದರೆ ಎಂಜಿನ್ ರೇಸ್ ಮಾಡಿ ಎಳೆಯಬೇಡಿ, ಲೈನರ್ ಶೂವಿನಿಂದಲೇ ಕಿತ್ತು ಬರಬಹುದು. ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು ಗ್ಯಾರೇಜಿನವರ ಹಳೆಯ ದಾರಿ, ಒಳ್ಳೆಯ ದಾರಿ.

ಅಡಿಕೆ ತೋಟದ ನಡುವೆ ಮನೆ ಇರುವ ಹಿರಿಯರು ಇದನ್ನೆಲ್ಲ ಯಾರೂ ಹೇಳಿಕೊಡದೆಯೇ ತಿಳಿದಿದ್ದರು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೊಂದು ಚಿರೇಕಲ್ಲಿನ ತುಂಡು ಕೊಡುತ್ತಿದ್ದರು. ಸಮತಟ್ಟಾದ ಜಾಗ ಸಿಕ್ಕರೆ ಈಗಲೂ ಇದೇ ಸರಿಯಾದ ಕ್ರಮ. ಕಾರು ತೊಳೆದ ಮೇಲೆ ಹಾಗೇ ಶೆಡ್ಡಿಗೆ ಹಾಕದೆ, ಒಂದು ಸುತ್ತು ಹೋಗಿ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ ತಂದು ನಿಲ್ಲಿಸಿದರೆ ಮರುದಿನ ಬೆಳಿಗ್ಗೆ ತಂಟೆಯೇ ಇಲ್ಲ.

ಆದರೆ ತುಕ್ಕಿನ ಅಂಟು ಒಂದು ಕಾರಣ ಮಾತ್ರ, ಬೇರೆ ಕಾರಣಗಳೂ ಇವೆ. ಹಾಗಾಗಿ ಬ್ರೇಕ್ ಬಿಡುತ್ತಿಲ್ಲ ಎಂದಾಗ ಮೊದಲು ಕೇಳಬೇಕಾದದ್ದು 'ಯಾವ ಪಾರ್ಟು ಹೋಗಿದೆ' ಎಂದಲ್ಲ, 'ಯಾವಾಗ ಹಿಡಿಯುತ್ತೆ' ಎಂದು. ಬೆಳಿಗ್ಗೆ ಒಮ್ಮೆ ಮಾತ್ರವೇ? ಹ್ಯಾಂಡ್‌ಬ್ರೇಕ್ ಎಳೆದು ಇಳಿಸಿದಾಗಲೆಲ್ಲವೇ? ಪ್ರತಿ ಸಿಗ್ನಲ್ಲಿನಲ್ಲೂ? ಅಥವಾ ಒಂದು ಗಂಟೆ ಓಡಿಸಿದ ಮೇಲೆ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ.

ನಮ್ಮ ಕಡೆಯ ಗ್ಯಾರೇಜೊಂದರಲ್ಲಿ ಕೂತು ಹರಟುವುದು ನನಗೆ ಇಷ್ಟದ ಕೆಲಸ. ಅಲ್ಲಿನ ಮೆಕ್ಯಾನಿಕ್ ಸ್ಪ್ಯಾನರ್ ಎತ್ತುವ ಮೊದಲು ಬಾಯಿ ಬಿಡಿಸುವವನು. ನಿವೃತ್ತ ಮೇಷ್ಟ್ರೊಬ್ಬರು ಬಂದು, "ನೋಡಪ್ಪಾ, ಬ್ರೇಕ್ ಜಾಮ್ ಆಗ್ತಾ ಇದೆ, ಪ್ಯಾಡ್ ಬದಲಾಯಿಸಿಬಿಡು" ಎಂದರು.

"ಪ್ಯಾಡ್ ಇರ್ಲಿ ಮೇಷ್ಟ್ರೇ. ಜಾಮ್ ಆದಾಗ ಕಾರು ಒಂದು ಕಡೆಗೆ ಎಳೆಯುತ್ತಾ, ನೆಟ್ಟಗೆ ಹೋಗುತ್ತಾ?"

"ಎಡಕ್ಕೆ ಎಳೆದ ಹಾಗಾಗುತ್ತಪ್ಪ."

"ಪೇಟೆ ಒಳಗೋ, ಘಾಟಿ ಇಳಿದ ಮೇಲೋ?"

"ಎಲ್ಲಾ ಕಡೆನೂ."

"ಹಾಗಾದ್ರೆ ಎಡಗಡೆ ಮುಂದಿನ ಚಕ್ರ ನೋಡ್ಬೇಕು. ನೀವು ಒಂದು ಟೀ ಕುಡೀರಿ."

ಅವನ ಲೆಕ್ಕ ಸರಳ. ಒಂದೇ ಕಡೆ ಎಳೆದರೆ ರೋಗ ಒಂದು ಚಕ್ರದ್ದು. ನೆಟ್ಟಗೇ ಹೋಗುತ್ತಾ ಭಾರವಾದರೆ ರೋಗ ಎಲ್ಲ ಚಕ್ರಗಳಿಗೂ ಸೇರಿದ್ದು, ಅಂದರೆ ಮೇಲೆ ಪೆಡಲ್, ಬೂಸ್ಟರ್, ಮಾಸ್ಟರ್ ಸಿಲಿಂಡರಿನ ಕಡೆಯದ್ದು. ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರವಾದರೆ ಹಿಂದಿನ ಕೇಬಲ್ಲಿನದ್ದು. ಕೇಬಲ್ಲಿನ ಕವಚ ಒಂದು ಕಡೆ ಹರಿದರೆ ಸಾಕು, ನೀರು ಹೊಕ್ಕು ಒಳಗಿನ ತಂತಿ ತುಕ್ಕು ಹಿಡಿದು, ಎಳೆದರೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುವುದಿಲ್ಲ. ಲಿವರ್ ಕೆಳಗಿಳಿದಿರುತ್ತದೆ, ಶೂ ಮಾತ್ರ ಬಿಟ್ಟಿರುವುದಿಲ್ಲ. ಅದಕ್ಕೆ ಎಣ್ಣೆ ಬಿಟ್ಟು ದಿನ ತಳ್ಳಬಾರದು, ಕೇಬಲ್ ಬದಲಿಸಿದರೆ ಮುಗಿಯಿತು.

ಬ್ರೇಕ್ ಬಿಡುವುದು ಹೇಗೆ ಎನ್ನುವುದೇ ಒಂದು ಸೊಗಸಾದ ಕಥೆ. ಡ್ರಮ್ಮಿನಲ್ಲಿ ಸ್ಪ್ರಿಂಗ್‌ಗಳಿವೆ, ಶೂಗಳನ್ನು ವಾಪಸ್ ಎಳೆಯುತ್ತವೆ, ಅದು ಕಣ್ಣಿಗೆ ಕಾಣುವ ವಿಷಯ. ಮುಂದಿನ ಡಿಸ್ಕ್ ಬ್ರೇಕಿನ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಂಥ ಯಾವ ಸ್ಪ್ರಿಂಗೂ ಇಲ್ಲ. ಹಾಗಾದರೆ ಅದನ್ನು ಹಿಂದೆ ತರುವುದು ಯಾರು? ಆಯಿಲ್ ಸೋರದಂತೆ ಅದರ ಸುತ್ತ ಕೂರಿಸಿದ ಚೌಕ ಅಂಚಿನ ಒಂದು ರಬ್ಬರ್ ಉಂಗುರ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಅದನ್ನು ಅಪ್ಪಿಕೊಂಡ ರಬ್ಬರ್ ತುಸು ತಿರುಚಿಕೊಳ್ಳುತ್ತದೆ. ಒತ್ತಡ ಹೋದ ಕೂಡಲೇ ರಬ್ಬರ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಜೊತೆಗೆ ಹಿಂದಕ್ಕೆ ಎಳೆಯುತ್ತದೆ. ಎಷ್ಟು? ಒಂದು ಮಿಲಿಮೀಟರಿನ ಸಣ್ಣ ಭಾಗ. ಟನ್ನಿನ ತೂಕದ ಕಾರು ಹಗುರಾಗಿ ಉರುಳುವುದೋ ಇಲ್ಲವೋ ಎನ್ನುವುದು ಆ ಕೂದಲೆಳೆಯಷ್ಟು ಜಾಗದ ಮೇಲೆ ನಿಂತಿದೆ. ಪಿಸ್ಟನ್ನಿನ ಮೇಲೆ ಚೂರು ತುಕ್ಕು ಎದ್ದರೆ, ಧೂಳು ತಡೆಯುವ ಬೂಟ್ ಹರಿದು ಕೆಂಪು ಮಣ್ಣು ಒಳ ಸೇರಿದರೆ, ಆ ಪುಟ್ಟ ರಬ್ಬರಿನ ಶಕ್ತಿ ಸಾಲುವುದಿಲ್ಲ.

ಕ್ಯಾಲಿಪರ್ ಜಾರಾಡುವ ಎರಡು ಪಿನ್‌ಗಳದ್ದೂ ಹೀಗೆಯೇ. ಒಂದೇ ಕಡೆ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಆಚೆ ಬದಿಯ ಪ್ಯಾಡು ಡಿಸ್ಕಿಗೆ ತಾಗುವುದೂ ಬಿಡುವುದೂ ಇಡೀ ಕ್ಯಾಲಿಪರ್ ಆ ಪಿನ್‌ಗಳ ಮೇಲೆ ಸರಿದಾಡುವುದರಿಂದ. ಗ್ರೀಸ್ ಒಣಗಿ ಪಿನ್ ಕಚ್ಚಿಕೊಂಡರೆ ಒಂದು ಪ್ಯಾಡು ಪೂರಾ ಸವೆದು ಅದರ ಜೋಡಿ ಹೊಸದರಂತೆ ಉಳಿಯುತ್ತದೆ. ಮೇಷ್ಟ್ರ ಕಾರಿನಲ್ಲಿ ಆದದ್ದೂ ಅದೇ. ಪ್ಯಾಡು ಮಾತ್ರ ಬದಲಿಸಿ ಕಳಿಸಿದ್ದರೆ ಹೊಸ ಪ್ಯಾಡೂ ಅದೇ ದಾರಿ ಹಿಡಿಯುತ್ತಿತ್ತು. ಪಿನ್ ತೆಗೆದು ಎಮರಿ ಪೇಪರಿನಲ್ಲಿ ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿದ, ಅಷ್ಟೇ. ಮಾಮೂಲಿ ಗ್ರೀಸ್ ಅಲ್ಲಿಗೆ ಆಗದು, ರಬ್ಬರನ್ನು ಊದಿಸಿ ಮತ್ತೆ ಕಚ್ಚಿಸುತ್ತದೆ.

ಇಲ್ಲಿ ರೈಲಿನ ಮಾತು ನೆನಪಾಗುತ್ತಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳು, 50 ಅಡಿಗೆ ಒಂದಡಿ ಇಳಿಯುವ ಹಾದಿ. ಅಲ್ಲಿ ಬ್ರೇಕ್ ಎಂದರೆ ಪ್ರಾಣ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. ಮುಂದಿನ ವರ್ಷಗಳಲ್ಲಿ ಅವನೇ ಅದನ್ನು ತಿದ್ದಿ, ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕ್ ಬಿಟ್ಟಿರುವಂತೆ, ಗಾಳಿ ಹೋದರೆ ತಾನಾಗಿ ಹಿಡಿಯುವಂತೆ ಮಾಡಿದ. ಬೋಗಿ ಕಳಚಿಕೊಂಡರೂ ಬ್ರೇಕ್ ಬೀಳುತ್ತದೆ. ಅದ್ಭುತ ಬುದ್ಧಿ. ಅದೇ ಏರ್ಪಾಡಿನಲ್ಲಿ, ಒಂದು ಬೋಗಿಯಲ್ಲಿ ಗಾಳಿ ಪೂರ್ತಿ ಮರಳದಿದ್ದರೆ ಅಥವಾ ವಾಲ್ವು ಸಿಕ್ಕಿಕೊಂಡರೆ ಆ ಬೋಗಿಯ ಬ್ರೇಕ್ ಬಿಡದೆ ಚಕ್ರ ಉಜ್ಜುತ್ತಲೇ ಹೋಗುತ್ತದೆ. ರೈಲ್ವೆಯವರು ಇದನ್ನು ಬ್ರೇಕ್ ಬೈಂಡಿಂಗ್ ಎನ್ನುತ್ತಾರೆ. ನಿಲ್ಲದ ರೈಲು ಹಾದುಹೋಗುವಾಗಲೂ ಸ್ಟೇಷನ್ನಿನ ಸಿಬ್ಬಂದಿ ಹಸಿರು ಬಾವುಟ ಹಿಡಿದು ನಿಂತಿರುವುದನ್ನು ನೀವು ಕಂಡಿರಬೇಕು. ಅವರು ಗಮನಿಸುತ್ತಿರುವುದರಲ್ಲಿ ಚಕ್ರದ ಹೊಗೆ, ಕಿಡಿ, ಸುಟ್ಟ ವಾಸನೆಯೂ ಸೇರಿವೆ. ನಮ್ಮ ಕಾರಿಗೆ ಹಾಗೆ ದಾರಿಯಲ್ಲಿ ನಿಂತು ನೋಡುವವರಿಲ್ಲ. ನಮ್ಮ ಕಿವಿ, ಮೂಗು, ಕೈಗಳೇ ಆ ಕೆಲಸ ಮಾಡಬೇಕು.

ಮಾಡುವುದು ಕಷ್ಟವೇನಲ್ಲ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಸ್ಟಿಯರಿಂಗಿನಲ್ಲಿ ಒಬ್ಬರನ್ನು ಕೂರಿಸಿ, ಕಾರನ್ನು ಕೈಯಿಂದ ತಳ್ಳಿ ನೋಡಿ. ಸಣ್ಣ ಕಾರು ಒಬ್ಬರ ಬಲಕ್ಕೇ ಸರಾಗ ಉರುಳಿದರೆ ಬ್ರೇಕ್ ಬಿಟ್ಟಿದೆ; ಹೊರಡುವಾಗ ನಡುಕವಿದ್ದರೆ ಅದು ಕ್ಲಚ್ಚಿನದ್ದೋ ಎಂಜಿನ್ ಮೌಂಟಿನದ್ದೋ ಇರಬೇಕು. ಉರುಳದಿದ್ದರೆ ಕೆಲವು ಕಿಲೋಮೀಟರ್, ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಯ್ಯಿರಿ. ಮುಟ್ಟಬೇಡಿ, ಹಿಡಿದ ಬ್ರೇಕಿನ ಡಿಸ್ಕು ಕ್ಷಣದಲ್ಲಿ ಚರ್ಮ ಸುಡುತ್ತದೆ. ಮೂರು ಬೆಚ್ಚಗಿದ್ದು ಒಂದು ಧಗೆ ಹೊಡೆಯುತ್ತಿದ್ದರೆ ಕಳ್ಳ ಸಿಕ್ಕ. ಬಿಸಿಯಾದ ಡಿಸ್ಕಿಗೆ ನೀರು ಎರಚಬೇಡಿ, ಅದು ಸೊಟ್ಟಗಾಗುತ್ತದೆ.

ಎಲ್ಲ ಚಕ್ರಗಳೂ ಭಾರವಾಗಿದ್ದರೆ ಮೊದಲು ಕಾಸಿಲ್ಲದ ಪರೀಕ್ಷೆಗಳು. ಕಾಲಡಿಯ ದಪ್ಪ ಮ್ಯಾಟು ಸರಿದು ಪೆಡಲಿಗೆ ಅಡ್ಡವಾಗಿದೆಯೇ ನೋಡಿ. ಯಾರಾದರೂ ಹಿಂದೆ ನಿಂತು ಬ್ರೇಕ್ ಲೈಟ್ ಗಮನಿಸಲಿ. ಕಾಲು ತೆಗೆದ ಮೇಲೂ ಉರಿಯುತ್ತಿದ್ದರೆ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲದಿರಬಹುದು. ಪಾದದ ತುದಿಯಿಂದ ಪೆಡಲನ್ನು ಮೇಲಕ್ಕೆತ್ತಿದಾಗ ಲೈಟು ಆರಿ ಕಾರು ಹಗುರಾದರೆ ಪೆಡಲಿನ ಗೂಟಕ್ಕೆ ಎಣ್ಣೆ, ಸ್ಪ್ರಿಂಗಿಗೆ ಗಮನ ಸಾಕು. ಎಂಜಿನ್ ಆಫ್ ಮಾಡಿ ಪೆಡಲನ್ನು ಹಲವು ಸಲ ತುಳಿದು ಬೂಸ್ಟರಿನ ಒತ್ತಾಸೆ ಖಾಲಿ ಮಾಡಿ. ಆಗ ಬ್ರೇಕ್ ಬಿಟ್ಟರೆ ಬೂಸ್ಟರನ್ನೇ ನೋಡಬೇಕು. ಇನ್ನು ಹೊಸ ಕಾರುಗಳಲ್ಲಿ ಏರಿನಲ್ಲಿ ನಿಂತಾಗ ಹಿಲ್ ಹೋಲ್ಡ್ ಒಂದೆರಡು ಸೆಕೆಂಡು ತಾನೇ ಹಿಡಿದು ಬಿಡುತ್ತದೆ, ಅದು ದೋಷವಲ್ಲ. ಗುಂಡಿ ಒತ್ತುವ ಹ್ಯಾಂಡ್‌ಬ್ರೇಕ್ ಇರುವ ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳದೆ ಆಕ್ಸಿಲರೇಟರ್ ಒತ್ತಿದರೆ ಬ್ರೇಕ್ ತಾನಾಗಿ ಬಿಡುವುದಿಲ್ಲ, ಅದೂ ದೋಷವಲ್ಲ.

ಮುಂದಿನದು ಗ್ಯಾರೇಜಿನ ಪರೀಕ್ಷೆ, ಆದರೆ ಕಾರಿನ ಒಡೆಯರಿಗೂ ಗೊತ್ತಿರಬೇಕಾದದ್ದು. ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು (ಬರೀ ಜಾಕಿಯನ್ನು ಎಂದೂ ನಂಬಬಾರದು), ಬಿಗಿಯಾದ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಅದರ ಬ್ರೇಕಿನ ಏರ್ ತೆಗೆಯುವ ನಿಪ್ಪಲ್ಲನ್ನು ಸಡಿಲಿಸುತ್ತಾರೆ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಹಗುರಾದರೆ, ಪೈಪಿನೊಳಗೆ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ. ನಿಪ್ಪಲ್ ಬಿಚ್ಚಿದರೂ ಬಿಡದಿದ್ದರೆ ತುಕ್ಕು ಹಿಡಿದ ಪಿಸ್ಟನ್, ಪಿನ್, ಕೇಬಲ್ ಇತ್ಯಾದಿ. ಒತ್ತಡವೇ ಕಾರಣವಾದರೆ ಇನ್ನೊಂದು ಮೆಟ್ಟಿಲು: ಮತ್ತೆ ಪೆಡಲ್ ಒತ್ತಿ ಹಿಡಿಸಿ, ಈ ಸಲ ಮೇಲೆ ಮಾಸ್ಟರ್ ಸಿಲಿಂಡರಿನ ಬಳಿ ಪೈಪ್ ಸಡಿಲಿಸುವುದು. ಅಲ್ಲಿ ಬಿಚ್ಚಿದಾಗ ಚಕ್ರ ಬಿಟ್ಟರೆ ರೋಗ ಮಾಸ್ಟರ್ ಸಿಲಿಂಡರಿನದ್ದು ಅಥವಾ ಅದನ್ನು ತಳ್ಳುವ ರಾಡಿನದ್ದು. ಅಲ್ಲಿ ಬಿಚ್ಚಿದರೂ ಬಿಡದೆ ಚಕ್ರದ ಬಳಿ ಬಿಚ್ಚಿದಾಗ ಮಾತ್ರ ಬಿಟ್ಟರೆ ಅನುಮಾನ ನಡುವಿನ ರಬ್ಬರ್ ಹೋಸಿನ ಮೇಲೆ. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಪದರ ಮಾತ್ರ ಸುಲಿದು ಬಾವಿ ಪಂಪಿನ ಫುಟ್‌ವಾಲ್ವಿನಂತೆ ಒಮ್ಮುಖ ಬಾಗಿಲಾಗಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಹೋಗುತ್ತದೆ, ವಾಪಸ್ ಬರಲು ಬಲ ಸಾಲದು. ಇಷ್ಟು ಮಾಡಲು ಒಂದು ಸ್ಪ್ಯಾನರು, ಸ್ವಲ್ಪ ತಾಳ್ಮೆ ಸಾಕು. ಕೆಲಸ ಮುಗಿದ ಮೇಲೆ ಏರ್ ತೆಗೆಯುವುದನ್ನು ಮಾತ್ರ ಬಿಡುವಂತಿಲ್ಲ.

ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಸಣ್ಣ ರಂಧ್ರವಿದೆ. ಕಾಲು ತೆಗೆದಾಗ ಹೆಚ್ಚಿನ ಆಯಿಲ್ ಅದರ ಮೂಲಕ ಡಬ್ಬಿಗೆ ಮರಳಬೇಕು. ಕೆಸರು ಕಟ್ಟಿ ಅಥವಾ ರಬ್ಬರ್ ಊದಿ ಅದು ಮುಚ್ಚಿಹೋದರೆ ವಿಚಿತ್ರವಾದ ಕಾಯಿಲೆ ಶುರುವಾಗುತ್ತದೆ. ಬೆಳಿಗ್ಗೆ ಕಾರು ಹಗುರ. ಓಡುತ್ತಾ ಬ್ರೇಕ್ ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡನ್ನೇ ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ದಾರಿ ಬದಿಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ತಣಿದು ಬಿಟ್ಟುಬಿಡುತ್ತದೆ. ಗ್ಯಾರೇಜಿಗೆ ಹೋಗುವ ಹೊತ್ತಿಗೆ ಏನೂ ಇಲ್ಲ! ಇಂಥ ಕಾರಿನ ಒಡೆಯರ ಮಾತನ್ನು ಯಾರೂ ನಂಬುವುದಿಲ್ಲ. ಅಂಥವರು ಕಾರನ್ನು ಬಿಟ್ಟು ಬರಬಾರದು, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಹಿಡಿಯುವವರೆಗೂ ಓಡಿಸಬೇಕು.

ರಬ್ಬರ್ ಊದುವುದು ಏಕೆ? ಬಹುಪಾಲು ಸಲ ಡಬ್ಬಿಗೆ ತಪ್ಪು ಎಣ್ಣೆ ಬಿದ್ದಿರುತ್ತದೆ. ಬ್ರೇಕ್ ಆಯಿಲ್ ಎಂದು ನಾವು ಕರೆದರೂ ನಮ್ಮ ಕಾರುಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಎಂಜಿನ್ ಆಯಿಲ್ಲೋ ಪವರ್ ಸ್ಟಿಯರಿಂಗ್ ಆಯಿಲ್ಲೋ ಸ್ವಲ್ಪ ಸೇರಿದರೂ ಒಳಗಿನ ರಬ್ಬರೆಲ್ಲ ಊದುತ್ತದೆ. ಅನುಮಾನವಿದ್ದರೆ ಡಬ್ಬಿಯ ದ್ರವವನ್ನು ತುಸು ತೆಗೆದು ಒಂದು ಲೋಟ ನೀರಿಗೆ ಬಿಡಿ. ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ತೇಲಿದರೆ ದ್ರವ ಬದಲಿಸಿದರಷ್ಟೇ ಸಾಲದು, ದ್ರವ ಹೋದಲ್ಲೆಲ್ಲ ಇರುವ ರಬ್ಬರನ್ನೂ ಬದಲಿಸಬೇಕು.

ನೀರಿನಲ್ಲಿ ಬೆರೆಯುವ ಆ ಗುಣವೇ ಅದರ ಶತ್ರುವೂ ಹೌದು. ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೀರು ಹೀರಿದ ಮೇಲೆ ಆ ಮಿತಿ 140. ಡಾಟ್ 4 ಆದರೆ 230 ಮತ್ತು 155. ಬಿಡದ ಬ್ರೇಕನ್ನು ಎಳೆದುಕೊಂಡೇ ಘಾಟಿ ಇಳಿದರೆ ಕ್ಯಾಲಿಪರಿನ ಬಿಸಿ ಈ ಅಂಕೆಗಳನ್ನು ಮುಟ್ಟಬಲ್ಲದು. ಆಗ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ನಾನು ಇಷ್ಟು ಹೊತ್ತು ಈ ಹರಟೆ ಎಳೆದದ್ದು ಈ ಒಂದು ಮಾತಿಗಾಗಿ: ಬಿಡದ ಬ್ರೇಕೇ ಕೊನೆಗೊಂದು ತಿರುವಿನಲ್ಲಿ ಹಿಡಿಯದ ಬ್ರೇಕಾಗುತ್ತದೆ. ಮೈಲೇಜ್ ಕಡಿಮೆಯಾಯಿತು, ಪ್ಯಾಡ್ ಸವೆಯಿತು ಎಂಬ ಲೆಕ್ಕ ಇದರ ಮುಂದೆ ಏನೂ ಅಲ್ಲ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಹೊರಡುವಾಗ ಕಾರು ತಡೆದರೆ ಯಾವಾಗ, ಯಾವ ಕಡೆ, ಎಷ್ಟು ಓಡಿದ ಮೇಲೆ ಎಂದು ಗಮನಿಸಿ, ಅದನ್ನೇ ಮೆಕ್ಯಾನಿಕ್‌ಗೆ ಹೇಳಿ. ಪಾರ್ಟಿನ ಹೆಸರು ನೀವು ಹೇಳಬೇಡಿ, ಅವನೂ ಪರೀಕ್ಷೆ ಮಾಡದೆ ಹೇಳಿದರೆ ಒಪ್ಪಬೇಡಿ. ಬ್ರೇಕ್ ಆಯಿಲ್ಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಮಳೆಗಾಲ ಮುಗಿದ ಮೇಲೊಮ್ಮೆ ಡ್ರಮ್ ಬಿಚ್ಚಿಸಿ ಧೂಳು ತೆಗೆಸಿ, ಪಿನ್‌ಗಳಿಗೆ ಗ್ರೀಸ್ ಹಾಕಿಸಿ. ಸುಟ್ಟ ವಾಸನೆ ಬಂದ ದಿನ ಮಾತ್ರ "ಮನೆ ಮುಟ್ಟಿ ನೋಡೋಣ" ಎನ್ನಬೇಡಿ; ಅಲ್ಲೇ ಬದಿಗೆ ನಿಲ್ಲಿಸಿ, ತಣಿಯಲು ಬಿಟ್ಟು, ಮೆಕ್ಯಾನಿಕ್‌ಗೆ ಫೋನ್ ಮಾಡಿ.